ಒಂದು ಚಾಕು ಸಾಲದೆ?



ತಪಸ್ಸುಕಾಲಕ್ಕೆ ಸ್ವಲ್ಪ ಮುಂಚೆ ಒಂದು ಸಂಜೆ ತರಗುಪೇಟೆಯ ಕಡೆ ಮನೆ ಆಶೀರ್ವಾದಕ್ಕೆಂದು ಹೋಗಿದ್ದೆ. ಆ ಮನೆಯ ಯಜಮಾನರು ಅಲ್ಲಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವವರು. ವಯಸ್ಸು ನಲವತ್ತರ ಆಸುಪಾಸು. ಭಾನುವಾರದ ಪೂಜೆ ತಪ್ಪಿಸುವವರಲ್ಲ. ಪ್ರಾರ್ಥನೆ ಮುಗಿಸಿ ಕೋಣೆಗಳಿಗೆ ತೀರ್ಥ ಚಿಮುಕಿಸುತ್ತಾ ಬಂದಾಗ ಅವರ ಪತ್ನಿ ಬೀರುವಿನ ಬಾಗಿಲು ತೆರೆದು, "ಇದರೊಳಕ್ಕೂ ನಾಲ್ಕು ಹನಿ ಹಾಕಿ ಸ್ವಾಮಿ, ಇಲ್ಲೊಂದು ಪಿಶಾಚಿ ಕೂತಿದೆ" ಎಂದರು. ಮಾತು ತಮಾಷೆಯದು, ದನಿ ತಮಾಷೆಯದಲ್ಲ.

ಬೀರುವಿನಲ್ಲಿದ್ದದ್ದು ಮೈಸೂರುಪಾಕಿನ ಹಳೆಯ ಡಬ್ಬಗಳು. ಅವುಗಳಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಮಡಿಸುವ ಜೇಬುಚಾಕುಗಳು. ಎಣಿಸಿದರೆ 37. ಮರದ ಹಿಡಿಯದು, ಕೊಂಬಿನ ಹಿಡಿಯದು, ಕೆಂಪು ಹಿಡಿಯ ಸ್ವಿಸ್ ಚಾಕು, ಒಂದೇ ಬೆರಳಿನಿಂದ ತೆರೆಯುವುದು. ಬೆಲೆ 800 ರೂಪಾಯಿಯಿಂದ 9,000 ರೂಪಾಯಿಯವರೆಗೆ. ಬಹುಪಾಲು ಚಾಕುಗಳು ಒಂದು ಕಾಗದವನ್ನೂ ಕತ್ತರಿಸಿರಲಿಲ್ಲ.

(ಇದು ಪಾಪನಿವೇದನೆಯಲ್ಲಿ ಕೇಳಿದ ಸಂಗತಿಯಲ್ಲ, ಕಾಫಿ ಕುಡಿಯುತ್ತಾ ಅವರ ಮನೆಯ ಹಜಾರದಲ್ಲಿ ಕೇಳಿದ್ದು. ದಂಪತಿಗಳಿಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಅವರ ತಂದೆಯವರು ಅದೇ ಪೇಟೆಯಲ್ಲಿ ಗೋಣಿಚೀಲ ಹೊಲಿಯುತ್ತಿದ್ದವರು. ತರಗು ಎಂದರೆ ದಲ್ಲಾಳಿ ವ್ಯಾಪಾರ. ಕಾಳುಕಡ್ಡಿಯ ಸಗಟು ವ್ಯಾಪಾರವೇ ಆ ಪೇಟೆಯ ಜೀವ. ಮುಂದೆ ಅದರ ದೊಡ್ಡ ಪಾಲು ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿಗೆ ಹೋಯಿತಾದರೂ ಅಂದಿನ ದಿನಗಳಲ್ಲಿ ಹಮಾಲಿಗೆ ಭುಜದ ಮೇಲೊಂದು ವಸ್ತ್ರ, ಕೈಯಲ್ಲೊಂದು ಕೊಕ್ಕೆ. ಚೀಲ ಹೊಲಿಯುವವನಿಗೆ ಒಂದು ದಬ್ಬಣ, ಸೆಣಬಿನ ದಾರ ಕತ್ತರಿಸಲು ಒಂದು ಚಾಕು. ಇಷ್ಟರಲ್ಲಿ ಸಂಸಾರ ಸಾಗುತ್ತಿತ್ತು. ತಂದೆಯವರ ಆ ಚಾಕು ಈಗಲೂ ಇದೆ. ಸಾಣೆ ಹಿಡಿದು ಹಿಡಿದು ಅಲಗು ಅರ್ಧಕ್ಕರ್ಧ ಸವೆದಿದೆ. ಅದು ಬೀರುವಿನಲ್ಲಿಲ್ಲ, ಅಡುಗೆಮನೆಯಲ್ಲಿದೆ. ಆ ತಾಯಿ ದಿನವೂ ಹುರುಳಿಕಾಯಿ ಹೆಚ್ಚುವುದು ಅದರಲ್ಲೇ.

"ಇದು ಪಾಪವೇ ಸ್ವಾಮಿ?" ಎಂದು ಅವರು ಕೇಳಿದರು. "ನಾನು ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಒಂದು ಚಾಕಿನ ಆಸೆ, ಅಷ್ಟೆ."

ಅಲ್ಲಿಯೇ ಉತ್ತರ ಹೇಳುವ ಧೈರ್ಯ ನನಗೆ ಬರಲಿಲ್ಲ. ನನ್ನ ಕೋಣೆಯಲ್ಲಿ ಓದದೆ ಇಟ್ಟುಕೊಂಡಿರುವ ಪುಸ್ತಕಗಳ ಸಾಲು ಕಣ್ಣಮುಂದೆ ಬಂತು. ಮರಳಿ ಬಂದು ಗುರುಮಠದಲ್ಲಿ ಓದಿದ್ದ ಕೆಲವು ಗ್ರಂಥಗಳನ್ನು ಮತ್ತೆ ತೆರೆದೆ. ನಾನು ಹುಡುಕುತ್ತಿದ್ದದ್ದು ಅತಿಯಾಸೆಯ ವಿಚಾರ. ಸಿಕ್ಕಿದ್ದು ಸಾಕ್ಷಾತ್ ಚಾಕುವೇ!

ಐದನೆಯ ಶತಮಾನದಲ್ಲಿ ಮಾರ್ಸೇಲ್ಸ್ ಪಟ್ಟಣದಲ್ಲಿದ್ದ ಜಾನ್ ಕ್ಯಾಸಿಯನ್, ಈಜಿಪ್ಟಿನ ಮರುಭೂಮಿಯ ತಪಸ್ವಿಗಳಿಂದ ಕೇಳಿದ್ದನ್ನು ಬರೆದಿಟ್ಟರು. ಅದರ ಮೊದಲ ಭಾಗದಲ್ಲೇ ಒಂದು ದೂರಿದೆ. ಬೆಳ್ಳಿಬಂಗಾರ, ಹೊಲಗದ್ದೆಗಳನ್ನು ಕ್ರಿಸ್ತನಿಗಾಗಿ ಬಿಟ್ಟುಬಂದ ಕೆಲವು ಸನ್ಯಾಸಿಗಳು, ಮಠಕ್ಕೆ ಬಂದ ಮೇಲೆ ಒಂದು ಸಣ್ಣ ಚಾಕು, ಒಂದು ಬರೆಯುವ ಕಂಟ, ಒಂದು ಸೂಜಿ, ಒಂದು ಲೇಖನಿಗಾಗಿ ಮನಸ್ಸು ಕದಡಿಕೊಂಡು ಜಗಳವಾಡುತ್ತಾರೆ ಎಂದು. ಇನ್ನು ಕೆಲವರು ತಮ್ಮ ಪುಸ್ತಕವನ್ನು ಬೇರೆಯವರು ಮುಟ್ಟಲೂ ಬಿಡುವುದಿಲ್ಲವಂತೆ. (ಈ ಸಾಲು ಯಾರಿಗೆ ತಗುಲಿತೆಂದು ಹೇಳಬೇಕಾಗಿಲ್ಲ.) ದೊಡ್ಡದನ್ನು ಬಿಟ್ಟೆನೆಂಬ ಸಮಾಧಾನದಲ್ಲಿ ಅವರು ಎಚ್ಚರ ತಪ್ಪಿದರು, ಬಿಟ್ಟುಬಂದ ಹೊಲದ ಮೇಲಿದ್ದ ಆಸೆಯೆಲ್ಲ ಒಂದು ಬೆರಳುದ್ದದ ಚಾಕಿನ ಮೇಲೆ ಬಂದು ಕೂತಿತು. ವಸ್ತು ಚಿಕ್ಕದಾದರೆ ಆಸೆಯೂ ಚಿಕ್ಕದಾಗಬೇಕೆಂಬ ನಿಯಮವೇನೂ ಇಲ್ಲ.

ಮುಂದೆ ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ 55ನೇ ಅಧ್ಯಾಯದಲ್ಲಿ, ಪ್ರತಿ ಸನ್ಯಾಸಿಗೆ ಮಠಾಧಿಪತಿ ಕೊಡಬೇಕಾದ ವಸ್ತುಗಳ ಪಟ್ಟಿ ಮಾಡುತ್ತಾರೆ. ನಿಲುವಂಗಿ, ಪಾದರಕ್ಷೆ, ಸೊಂಟಪಟ್ಟಿ, ಸೂಜಿ, ಕರವಸ್ತ್ರ, ಬರೆಯುವ ಹಲಗೆಗಳ ಜೊತೆಗೆ ಒಂದು ಚಾಕು. ಗಮನಿಸಿ, ಅವರು ಚಾಕನ್ನು ನಿಷೇಧಿಸಲಿಲ್ಲ. ಕೊಟ್ಟರು, ಆದರೆ ಒಂದನ್ನು ಕೊಟ್ಟರು. "ನನಗೆ ಬೇಕಿತ್ತು, ಇರಲಿಲ್ಲ" ಎಂಬ ನೆಪವೇ ಉಳಿಯಬಾರದೆಂದು ಹಾಗೆ ಮಾಡಿದರು. ಕೊಟ್ಟು ಸುಮ್ಮನಾಗಲಿಲ್ಲ, ಯಾರಾದರೂ ಹಾಸಿಗೆಯಲ್ಲಿ ಏನನ್ನಾದರೂ ಬಚ್ಚಿಟ್ಟಿದ್ದಾರೆಯೇ ಎಂದು ಆಗಾಗ ನೋಡಬೇಕೆಂದೂ ಬರೆದರು. ಮನುಷ್ಯರ ಗುಣ ಬಲ್ಲವರು! 22ನೇ ಅಧ್ಯಾಯದಲ್ಲಂತೂ, ಮಲಗುವಾಗ ಚಾಕನ್ನು ಸೊಂಟದಲ್ಲಿಟ್ಟುಕೊಳ್ಳಬೇಡಿ, ನಿದ್ದೆಯಲ್ಲಿ ಗಾಯವಾದೀತು ಎಂಬ ಎಚ್ಚರಿಕೆಯೂ ಇದೆ.

ಒಂದೇ ಸಾಕೆನ್ನುವುದಕ್ಕೆ ಕಾರಣವೇನು? ಇದಕ್ಕೆ ಉತ್ತರ ಕ್ರಿಸ್ತಪೂರ್ವದ ಅರಿಸ್ಟಾಟಲನಲ್ಲಿದೆ. ಅವನ ರಾಜನೀತಿ ಗ್ರಂಥದ ಮೊದಲ ಭಾಗದಲ್ಲಿ, ಯಾವ ವಿದ್ಯೆಯ ಉಪಕರಣಕ್ಕೂ ಸಂಖ್ಯೆಯಲ್ಲಾಗಲಿ ಗಾತ್ರದಲ್ಲಾಗಲಿ ಒಂದು ಮಿತಿಯಿರುತ್ತದೆ ಎನ್ನುತ್ತಾನೆ. ಬಡಗಿಗೆ ಉಳಿಗಳು ಹತ್ತು ಬೇಕಾಗಬಹುದು, ನೂರು ಬೇಕಾಗುವುದಿಲ್ಲ. ಮಾಡಬೇಕಾದ ಕೆಲಸವೇ ಮಿತಿಯನ್ನು ಹೇಳುತ್ತದೆ. ಚೀಲ ಹೊಲಿಯುವವರಿಗೆ ದಾರವೇ ಹೇಳುತ್ತಿತ್ತು: ಒಂದು ಚಾಕು ಸಾಕು, ಮೊಂಡಾದರೆ ಸಾಣೆ ಹಿಡಿಸು, ಮುರಿದರೆ ಇನ್ನೊಂದು ಕೊಳ್ಳು. ಆದರೆ ಚಾಕನ್ನು ಯಾವ ಕೆಲಸಕ್ಕೂ ಬಳಸದೆ, ಹೊಂದುವುದೇ ಉದ್ದೇಶವಾದಾಗ "ಸಾಕು" ಎನ್ನುವವರು ಯಾರು? ದಾರ ಹೇಳಲಾರದು, ಏಕೆಂದರೆ ದಾರವೇ ಇಲ್ಲ. ಸಂತ ತೋಮಾಸ್ ಅಕ್ವಿನಾಸರು ಈ ಮಾತನ್ನೇ ಹಿಡಿದು, ಹಸಿವು ಬಾಯಾರಿಕೆಯಂಥ ಸ್ವಾಭಾವಿಕ ಬಯಕೆಗೆ ಮಿತಿಯುಂಟು, ಮನಸ್ಸು ಕಲ್ಪಿಸಿಕೊಂಡ ಬಯಕೆಗೆ ಮಿತಿಯಿಲ್ಲ ಎಂದು ವಿವರಿಸುತ್ತಾರೆ. ಒಂದು ಕೊಡ ನೀರು ಕುಡಿದು ಮುಗಿಸುವವನಿಲ್ಲ. 37 ಚಾಕು ಕೊಂಡವರು ಮಾತ್ರ 38ನೆಯದನ್ನು ನೋಡುತ್ತಿದ್ದರು.

ಅರಿಸ್ಟಾಟಲನ ಅದೇ ಭಾಗದಲ್ಲಿ ಹಲವು ಕೆಲಸಕ್ಕೆ ಒಂದೇ ಎಂದು ಮಾಡಿದ ಡೆಲ್ಫಿಯ ಚಾಕಿನ ಮಾತೂ ಬರುತ್ತದೆ. ಅದು ಅವನಿಗೆ ಹಿಡಿಸಿರಲಿಲ್ಲ. ಎಲ್ಲ ಕೆಲಸಕ್ಕೂ ಒಂದೇ ಚಾಕು ಎಂಬ ಕನಸು ಅಷ್ಟು ಹಳೆಯದು. ಸ್ವಿಟ್ಜರ್ಲೆಂಡಿನ ಈಬಾಖ್ ಊರಿನಲ್ಲಿ 1884ರಲ್ಲಿ ಕಾರ್ಖಾನೆ ತೆರೆದ ಕಾರ್ಲ್ ಎಲ್ಸೆನರ್ 1891ರಲ್ಲಿ ತಮ್ಮ ದೇಶದ ಸೈನಿಕರಿಗೆ ಚಾಕು ಒದಗಿಸಿದರು. 1897ರಲ್ಲಿ ಅಧಿಕಾರಿಗಳ ಚಾಕಿಗೆ ಹಕ್ಕು ಪಡೆದರು. 1909ರಲ್ಲಿ ತೀರಿಕೊಂಡ ತಾಯಿ ವಿಕ್ಟೋರಿಯಾರ ಹೆಸರನ್ನು ಕಾರ್ಖಾನೆಗೆ ಇಟ್ಟರು. ಮೂಲದಲ್ಲಿ ಅದು ಸೈನಿಕನೊಬ್ಬನ ಜೇಬಿನ ಭಾರ ಇಳಿಸುವ ಉಪಾಯ: ಡಬ್ಬಿ ತೆರೆಯಲು, ಬಂದೂಕಿನ ತಿರುಪು ಬಿಚ್ಚಲು, ರೊಟ್ಟಿ ಕೊಯ್ಯಲು ಎಲ್ಲಕ್ಕೂ ಒಂದೇ. ನಮ್ಮ ಸಹೋದರರ ಡಬ್ಬದಲ್ಲಿ "ಎಲ್ಲಕ್ಕೂ ಒಂದೇ" ಆದ ಈ ಚಾಕುಗಳು ಆರು ಇದ್ದವು.

ಹಾಗೆಂದು ಒಳ್ಳೆಯ ಕೆಲಸಗಾರಿಕೆಯನ್ನು ಮೆಚ್ಚುವುದು ತಪ್ಪೆಂದು ನಾನು ಹೇಳುವುದಿಲ್ಲ. ಕೊಡವರು ಮದುವೆ ಹಬ್ಬಗಳಲ್ಲಿ ಚೇಲೆಗೆ ಸಿಕ್ಕಿಸುವ ಬೆಳ್ಳಿ ಕೆಲಸದ ಪೀಚೆಕತ್ತಿಯನ್ನು ನೋಡಿ ಯಾರಿಗೆ ಸಂತೋಷವಾಗದು? ಅದು ಮನೆತನದ ಮರ್ಯಾದೆ, ತಲೆಮಾರಿನಿಂದ ತಲೆಮಾರಿಗೆ ಬರುವುದು. ನಮ್ಮ ರಕ್ಷಕರೇ ಬಡಗಿಯ ಮನೆಯಲ್ಲಿ ಬೆಳೆದವರು, ಹರಿತವಾದ ಉಪಕರಣದ ಬೆಲೆ ಅವರಿಗೆ ತಿಳಿಯದೆ ಇರಲಿಲ್ಲ. ಮೆಚ್ಚುವುದು ಬೇರೆ, ಮೆಚ್ಚಿದ್ದೆಲ್ಲ ನನ್ನ ಬೀರುವಿಗೆ ಬರಬೇಕೆನ್ನುವುದು ಬೇರೆ.

ಪಾಪವೇ ಎಂಬ ಪ್ರಶ್ನೆಗೆ ಬರೋಣ. ಆರನೆಯ ಶತಮಾನದ ಕೊನೆಯಲ್ಲಿ ಜಗದ್ಗುರುಗಳಾದ ಸಂತ ಗ್ರೆಗೊರಿಯವರು ದುರಾಸೆಗೆ ಹುಟ್ಟುವ ಹೆಣ್ಣುಮಕ್ಕಳನ್ನು ಹೆಸರಿಸಿದ್ದಾರೆ: ಮೋಸ, ಸುಳ್ಳು, ನೆಮ್ಮದಿಗೇಡು, ಕನಿಕರವಿಲ್ಲದ ಗಟ್ಟಿ ಹೃದಯ ಮುಂತಾದವು. ಎರಡನೆಯ ಸಲ ಹೋದಾಗ ಚಾಕಿನ ಸುದ್ದಿ ಎತ್ತದೆ ಈ ಹೆಸರುಗಳನ್ನಷ್ಟೇ ಹೇಳಿ, "ಇವರಲ್ಲಿ ಯಾರಾದರೂ ಮನೆಗೆ ಬಂದಿದ್ದಾರೆಯೇ?" ಎಂದು ಕೇಳಿದೆ. ಬಹಳ ಹೊತ್ತಾದ ಮೇಲೆ ಅವರು ಬಾಯಿ ಬಿಟ್ಟರು. ಪಾರ್ಸೆಲ್ಲುಗಳು ಮನೆಯ ವಿಳಾಸಕ್ಕೆ ಬರುತ್ತಿರಲಿಲ್ಲ, ಮಂಡಿಯ ವಿಳಾಸಕ್ಕೆ ಬರುತ್ತಿದ್ದವು. ಬೆಲೆ ಕೇಳಿದರೆ ಮೂರನೆಯ ಒಂದು ಭಾಗ ಹೇಳುತ್ತಿದ್ದರು. ಮಗಳ ಕಾಲೇಜಿಗೆಂದು ಹಾಕಿದ್ದ ಚೀಟಿಯ ಎರಡು ಕಂತು ತಪ್ಪಿತ್ತು. ಹೆಂಡತಿಗೆ, "ಮಂಡಿಯಲ್ಲಿ ಈ ಸಲ ಸಂಬಳ ತಡ" ಎಂದಿದ್ದರು. ಆ ತಾಯಿ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡರು. ಕಾಫಿ ಆರಿಹೋಯಿತು. ಅಂದು ಆ ಮನೆಯಲ್ಲಿ ನಾನು ಮಾಡಿದ ಬೋಧನೆ ಇಷ್ಟೇ: ಚಾಕು ಪಾಪವಲ್ಲ, ಚೀಟಿಯ ಸುಳ್ಳು ಪಾಪ, ಅದಕ್ಕೆ ದಾರಿ ಮಾಡಿದ್ದು ಚಾಕು.

ಈ ಆಸೆ ಕೆಲಸ ಮಾಡುವ ರೀತಿಯನ್ನೂ ಅರಿತಿರಬೇಕು. ಕೊಂಡ ಚಾಕು ಕೈಗೆ ಬಂದ ದಿನಕ್ಕಿಂತ, ಅದು ಬರುವುದೆಂದು ಕಾಯುವ ವಾರವೇ ಹೆಚ್ಚು ಹಿತ ಎಂದು ಅವರೇ ಒಪ್ಪಿಕೊಂಡರು. ಬಯಸುವುದೂ ಸವಿಯುವುದೂ ಮೆದುಳಿನಲ್ಲಿ ಒಂದೇ ಅಲ್ಲ, ಸವಿ ಕುಗ್ಗಿದ ಮೇಲೂ ಬಯಕೆ ಬೆಳೆಯಬಲ್ಲದು ಎಂದು ಮಿಷಿಗನ್ ವಿಶ್ವವಿದ್ಯಾನಿಲಯದ ಕೆಂಟ್ ಬೆರಿಜ್ ಎಂಬ ವಿಜ್ಞಾನಿ ವಿವರಿಸಿದ್ದಾರೆ. ಜೊತೆಗೆ ಒಂದು ವಸ್ತು ಒಂಟಿಯಾಗಿ ಬರುವುದಿಲ್ಲ, ಪರಿವಾರ ಸಮೇತ ಬರುತ್ತದೆ. ಚಾಕು ಬಂದರೆ ಸಾಣೆಕಲ್ಲು, ಸಾಣೆಕಲ್ಲಿನ ಹಿಂದೆ ಎಣ್ಣೆ, ಚರ್ಮದ ಚೀಲ. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ತತ್ವಜ್ಞಾನಿ ದಿದೆರೋ ಇದನ್ನೇ ತನ್ನ ಮೇಲಂಗಿಯ ನೆಪದಲ್ಲಿ ಬರೆದ. ಹೊಸ ಮೇಲಂಗಿ ಬಂದದ್ದೇ ತಡ, ಹಳೆಯ ಮೇಜು ಕುರ್ಚಿಗಳೆಲ್ಲ ಅವನಿಗೆ ಕಳಪೆಯಾಗಿ ಕಾಣತೊಡಗಿದವು. ಆತ ನಮ್ಮ ಧರ್ಮಸಭೆಯ ಮಿತ್ರನಲ್ಲ. ಆದರೂ ಈ ವಿಷಯದಲ್ಲಿ ಒಳ್ಳೆಯ ಆತ್ಮಶೋಧನೆ ಮಾಡಿಕೊಂಡಿದ್ದಾನೆ.

ಸಂತ ಲೂಕನ ಶುಭಸಂದೇಶದ 12ನೇ ಅಧ್ಯಾಯದ ಸಿರಿವಂತ ರೈತನನ್ನು ನೆನೆಯಿರಿ. ಕಣಜ ಕೆಡವಿ ದೊಡ್ಡ ಕಣಜ ಕಟ್ಟಲು ಹೊರಟವನು. ಕಾಳಿನ ಪೇಟೆಯ ಜನರಿಗೆ ಈ ಸಾಮತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ವಿಷಯ ನೋಡಿ: ಆ ರೈತ ಯಾರ ಜೊತೆಗೂ ಮಾತನಾಡುವುದಿಲ್ಲ. ಹೆಂಡತಿಯನ್ನಾಗಲಿ, ಆಳನ್ನಾಗಲಿ, ನೆರೆಯವನನ್ನಾಗಲಿ ಕೇಳುವುದಿಲ್ಲ. ತನಗೆ ತಾನೇ ಪ್ರಶ್ನೆ, ತನಗೆ ತಾನೇ ಉತ್ತರ. ರಾತ್ರಿ ಹನ್ನೊಂದು ಗಂಟೆಗೆ ಮನೆಯವರೆಲ್ಲ ಮಲಗಿದ ಮೇಲೆ ಮೊಬೈಲಿನ ಬೆಳಕಿನಲ್ಲಿ ನಡೆಯುವ ವ್ಯಾಪಾರವೂ ಅಂಥದ್ದೇ. ಆದ್ದರಿಂದ ಅವರಿಗೆ ನಾನು ಹೇಳಿದ ಮೊದಲ ಉಪಾಯ ತೀರ ಸಾಮಾನ್ಯವಾದುದು: ಕೊಳ್ಳಲೇಬೇಕೆನಿಸಿದರೆ ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ, ಮಡದಿಯ ಮುಂದೆ, ನಿಜವಾದ ಬೆಲೆ ಹೇಳಿ ಕೊಳ್ಳಿ. ಮೂರು ಚಾಕುಗಳು ಆ ತಿಂಡಿಯ ಮೇಜನ್ನು ದಾಟಲಿಲ್ಲ.

ಎರಡನೆಯದು ಸಂತ ಇಗ್ನೇಷಿಯಸರದು. ಅವರ ಆತ್ಮಿಕ ಸಾಧನೆ ಪುಸ್ತಕದಲ್ಲಿ ಒಂದೇ ಒಂದು ದೋಷವನ್ನು ಹಿಡಿದು ತಿದ್ದಿಕೊಳ್ಳುವ ಕ್ರಮವಿದೆ. ವಾರದ ಏಳು ದಿನಗಳಿಗೆ ದಿನಕ್ಕೆರಡು ಗೆರೆ. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಕುಳಿತು, ಎಷ್ಟು ಸಲ ಬಿದ್ದೆನೋ ಅಷ್ಟು ಚುಕ್ಕಿ. ಹಿಂದಿನ ದಿನದ ಜೊತೆ, ಹಿಂದಿನ ವಾರದ ಜೊತೆ ಹೋಲಿಸಬೇಕು. ಲೆಕ್ಕ ಬರೆಯುವವರಿಗೆ ಇದು ಹಿಡಿಸಿತು. ಕೊಂಡಾಗ ಮಾತ್ರವಲ್ಲ, ಮೊಬೈಲಿನಲ್ಲಿ ಚಾಕು ನೋಡಿದಾಗಲೂ ಚುಕ್ಕಿ ಇಡಲು ಹೇಳಿದೆ. ಮೊದಲ ವಾರದ ಚುಕ್ಕಿಗಳು 61. ಚೀಟಿಯನ್ನು ನನಗೆ ತೋರಿಸುವಾಗ ಅವರ ಕೈ ನಡುಗುತ್ತಿತ್ತು. ಕುಡಿತ, ಇಸ್ಪೀಟಿನ ಮಾತನ್ನು ಆಮೇಲೆ ಅವರು ಎತ್ತಲಿಲ್ಲ.

ಇಷ್ಟರಲ್ಲಿ ಒಂದು ಜಾಣತನವೂ ನಡೆಯಿತು. "ಸ್ವಾಮಿ, ನಾಲ್ಕು ಮಾರಿದೆ" ಎಂದು ಸಂತೋಷದಿಂದ ಬಂದರು. ಹಣವೆಲ್ಲಿ ಎಂದರೆ, ಅದರಲ್ಲಿ ಇನ್ನೂ ಒಳ್ಳೆಯದೊಂದು ಬಂದಿದೆ! ಇಗ್ನೇಷಿಯಸರೇ ಹೇಳುವ ಮೂರು ಬಗೆಯ ಜನರಲ್ಲಿ ಇವರು ಎರಡನೆಯವರು: ಅಂಟು ಹೋಗಬೇಕು, ವಸ್ತು ಇರಬೇಕು. ಮೊದಲನೆಯವರು ಬಿಡುತ್ತೇನೆ ಎನ್ನುತ್ತಲೇ ಸಾಯುವವರೆಗೆ ಏನೂ ಮಾಡದವರು. ಮೂರನೆಯವರು ಇಟ್ಟುಕೊಳ್ಳುವುದನ್ನೂ ಬಿಡುವುದನ್ನೂ ದೇವರ ಚಿತ್ತಕ್ಕೆ ಒಪ್ಪಿಸಿದವರು, ಅವರು ಅಪರೂಪ. ನನಗೆ ಸಿಟ್ಟು ಬಂತು, ನಿಜ. ಆಮೇಲೆ ನನ್ನ ಪುಸ್ತಕದ ಕಪಾಟು ನೆನಪಾಗಿ ತಣ್ಣಗಾದೆ. ಮಾರುವುದು ಬೇಡ, ಕೊಡಿ ಎಂದೆ. ಮಾರಿದರೆ ಕೈ ಖಾಲಿಯಾಗುವುದಿಲ್ಲ, ಹಣ ಬಂದು ಕೂರುತ್ತದೆ.

ಈಸ್ಟರಿನ ಹೊತ್ತಿಗೆ ಹದಿನೆಂಟು ಚಾಕುಗಳು ಮನೆ ಬಿಟ್ಟವು. ಕೆಲವು ಪೇಟೆಯಲ್ಲಿ ಚೀಲ ಹೊಲಿಯುವವರಿಗೆ, ಕೆಲವು ಸಂಬಂಧಿಕರ ತೋಟಗಳಿಗೆ. ಮಕ್ಕಳಿರುವ ಮನೆಗೆ ಮಾತ್ರ ಕೊಡಬೇಡಿ ಎಂದಿದ್ದೆ. ತಂದೆಯವರ ಕಾಲದಿಂದಲೂ ಅಲ್ಲಿರುವ ಹಿರಿಯ ಹಮಾಲಿಯೊಬ್ಬರಿಗೆ ಒಳ್ಳೆಯ ಮರದ ಹಿಡಿಯದೊಂದನ್ನು ಕೊಡಹೋದರಂತೆ. ಅವರು ಅದನ್ನು ತೆರೆದು, ಹೆಬ್ಬೆರಳಿನಲ್ಲಿ ಅಲಗು ಮುಟ್ಟಿ ನೋಡಿ, "ಚೆನ್ನಾಗೈತೆ ಕಣಪ್ಪ, ಆದ್ರೆ ನನ್ನತ್ರ ಒಂದೈತಲ್ಲ" ಎಂದು ಹಿಂದಕ್ಕೆ ಕೊಟ್ಟು ಚೀಲದ ಕಡೆಗೆ ತಿರುಗಿದರಂತೆ. "ಅಲ್ಲೇ ನಿಂತುಬಿಟ್ಟೆ ಸ್ವಾಮಿ" ಎಂದರು ನಮ್ಮ ಸಹೋದರರು.

ಕತೆ ಇಲ್ಲಿಗೆ ಮುಗಿದಿದ್ದರೆ ಬರೆಯಲು ಚೆನ್ನಾಗಿತ್ತು. ಕಳೆದ ತಿಂಗಳು ಮತ್ತೆ ಒಂದನ್ನು ಕೊಂಡಿದ್ದಾರೆ, 1,400 ರೂಪಾಯಿಗೆ. ಈ ಸಲ ಪಾರ್ಸೆಲ್ಲು ಮನೆಗೇ ಬಂತು, ಬಿಚ್ಚಿದ್ದು ಅವರ ಪತ್ನಿ. ಚೀಟಿಯ ಬಾಕಿ ಕಂತು ತೀರಿದೆ. ಚುಕ್ಕಿಗಳು ವಾರಕ್ಕೆ ಒಂಬತ್ತಕ್ಕೆ ಇಳಿದು, ಮಳೆಗಾಲದಲ್ಲಿ ಹದಿನೈದಕ್ಕೆ ಏರಿ, ಈಗ ಹನ್ನೊಂದರಲ್ಲಿವೆ. ಬರುವ ಮೊದಲ ಶುಕ್ರವಾರ ಪೂಜೆಯ ನಂತರ ಹೊಸ ಹಾಳೆ ತೋರಿಸುತ್ತೇನೆಂದಿದ್ದಾರೆ. ನಾನೂ ಓದದ ಪುಸ್ತಕಗಳ ಪಟ್ಟಿ ತರಬೇಕೆಂದು ಅವರ ಪತ್ನಿ ಹೇಳಿಕಳಿಸಿದ್ದಾರೆ.