ಸೀಟು ಜಾರಿದರೆ ನಟ್ಟಿನ ಮೇಲೆ ಸಿಟ್ಟು ಬೇಡ

ಮಗಳೇ, ನಿನ್ನ ಸೈಕಲ್ಲಿನ ಸೀಟು ಎಷ್ಟು ಬಿಗಿದರೂ ನಿಲ್ಲುತ್ತಿಲ್ಲ ಅಂದೆಯಲ್ಲ, ಇನ್ನೊಂದು ಸಲ ಸ್ಪ್ಯಾನರ್ ಹಿಡಿಯುವ ಮೊದಲು ನನ್ನ ಮಾತು ಕೇಳು. ಜಾರುತ್ತಿರುವುದು ಎಲ್ಲಿ ಎಂದು ತಿಳಿಯುವ ತನಕ ಯಾವ ನಟ್ಟನ್ನೂ ಮುಟ್ಟಬೇಡ. ಸೀಟು ಕೆಳಕ್ಕೆ ಕುಸಿಯುತ್ತಿದ್ದರೆ ತೊಂದರೆ ಇರುವುದು ಸೀಟಿನ ಪೈಪು ಫ್ರೇಮಿನೊಳಗೆ ಇಳಿಯುವ ಜಾಗದಲ್ಲಿ. ಮೂತಿ ಮೇಲಕ್ಕೋ ಕೆಳಕ್ಕೋ ವಾಲುತ್ತಿದ್ದರೆ ಸೀಟಿನ ಅಡಿಯ ಕ್ಲಾಂಪಿನಲ್ಲಿ. ಎಡಕ್ಕೆ ಬಲಕ್ಕೆ ತಿರುಗುತ್ತಿದ್ದರೆ ಎರಡರಲ್ಲಿ ಯಾವುದೂ ಆಗಿರಬಹುದು. ಆಗ ಮಾರ್ಕರ್ ಪೆನ್ನಿನಿಂದ ಪೈಪಿನ ಮೇಲೂ ಫ್ರೇಮಿನ ಮೇಲೂ ಹಾಯುವಂತೆ ಒಂದೇ ನೇರ ಗೆರೆ ಎಳೆದು ಒಂದು ಸುತ್ತು ಹೋಗಿ ಬಾ. ಗೆರೆ ತುಂಡಾಗಿದ್ದರೆ ಕೆಳಗಿನ ಬೋಲ್ಟು, ಕೂಡಿಕೊಂಡೇ ಇದ್ದರೆ ಮೇಲಿನ ಕ್ಲಾಂಪು.

ನಿನ್ನ ಸೀಟು ಮೂತಿ ಎತ್ತುತ್ತಿದೆ. ನಮ್ಮ ಭಾರವೆಲ್ಲ ಬೀಳುವುದು ಸೀಟಿನ ಹಿಂಭಾಗಕ್ಕೆ, ಹಿಂದೆ ಕುಸಿದಷ್ಟೂ ಮುಂದೆ ಏಳುತ್ತದೆ. ಆದ್ದರಿಂದ ನೀನು ನೋಡಬೇಕಾದದ್ದು ಕ್ಲಾಂಪನ್ನು. ನಮ್ಮ ಊರಿನ ಸಾದಾ ಸೈಕಲ್ಲುಗಳಲ್ಲಿ ಒಂದೇ ಬೋಲ್ಟು ಎರಡು ಕೆಲಸ ಮಾಡುತ್ತದೆ: ಪೈಪಿನ ತುದಿಯನ್ನು ಅಪ್ಪಿ ಹಿಡಿಯುವುದೂ ಅದೇ, ಸೀಟಿನ ಅಡಿಯ ಎರಡು ಕಂಬಿಗಳನ್ನು ಕಚ್ಚಿ ಹಿಡಿಯುವುದೂ ಅದೇ. ಆ ಕ್ಲಾಂಪನ್ನು ಬಿಚ್ಚಿದರೆ ದುಂಡನೆಯ ಬಿಲ್ಲೆಗಳು ಸಿಗುತ್ತವೆ, ಅವುಗಳ ಮುಖದ ಮೇಲೆ ಸುತ್ತಲೂ ಸಣ್ಣ ಹಲ್ಲುಗಳು. ಒಂದು ಬಿಲ್ಲೆಯ ಹಲ್ಲು ಇನ್ನೊಂದರ ಸಂದಿಯಲ್ಲಿ ಕೂತಾಗ ಮಾತ್ರ ಸೀಟು ಅಲುಗದೆ ನಿಲ್ಲುತ್ತದೆ. ನಟ್ಟಿನ ಬಿಗಿತ ಅವನ್ನು ಬೇರೆಯಾಗಲು ಬಿಡುವುದಿಲ್ಲ ಅಷ್ಟೆ. ಭಾರ ತಡೆಯುವುದು ಹಲ್ಲು.

ಬಹಳ ಜನ ಎಡವುವುದು ಇಲ್ಲೇ. ಸೀಟನ್ನು ಕಣ್ಣಂದಾಜಿಗೆ ಮಟ್ಟ ಮಾಡಿ ಹಾಗೇ ಬಿಗಿದುಬಿಡುತ್ತಾರೆ. ಆ ಹೊತ್ತಿನಲ್ಲಿ ಹಲ್ಲಿನ ತುದಿ ಹಲ್ಲಿನ ತುದಿಯ ಮೇಲೇ ನಿಂತಿರಬಹುದು. ಕೈಗೆ ಗಟ್ಟಿಯಾದಂತೆಯೇ ಅನಿಸುತ್ತದೆ. ಮೊದಲ ಹಂಪು ಹಾರಿದ ಕೂಡಲೇ ತುದಿ ಸಂದಿಗೆ ಬೀಳುತ್ತದೆ, ಬಿದ್ದಷ್ಟು ನಟ್ಟು ಸಡಿಲ, ಸಡಿಲವಾದ ಮೇಲೆ ಪ್ರತಿ ಕುಲುಕಿಗೂ ಹಲ್ಲು ಒಂದನ್ನೊಂದು ಉಜ್ಜಿ ಸವೆಸುತ್ತವೆ. ಬೀಸುಕಲ್ಲು ನುಣ್ಣಗಾದರೆ ಉಳಿಪೆಟ್ಟು ಹಾಕಿಸಿ ಮತ್ತೆ ಒರಟು ಮಾಡಿಸುತ್ತಿದ್ದರು. ಕ್ಲಾಂಪಿನ ಹಲ್ಲಿಗೆ ಆ ಉಪಾಯವಿಲ್ಲ, ಸವೆದದ್ದು ಸವೆಯಿತು.

ಅದಕ್ಕೇ ಮೊದಲು ಪೂರ್ತಿ ಬಿಚ್ಚು. ಬಿಚ್ಚುವಾಗ ಯಾವುದರ ಹಿಂದೆ ಯಾವುದಿತ್ತು ಎಂದು ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೋ, ಬಿಲ್ಲೆ ವಾಷರುಗಳ ಸಾಲು ತಪ್ಪಿದರೆ ಮತ್ತೆ ಜೋಡಿಸುವುದು ತಲೆನೋವು. ಹಲ್ಲಿನ ಸಂದಿಯ ಮಣ್ಣು, ತುಕ್ಕು, ಪೇಂಟಿನ ಚೂರು ಎಲ್ಲವನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆ, ಬಟ್ಟೆಯಿಂದ ಒಣಗಿಸು. ಹಲ್ಲಿಗೂ ಕಂಬಿಗೂ ಎಣ್ಣೆ ಬೇಡ. ಬೋಲ್ಟಿನ ಮರೆಗೆ, ಅಂದರೆ ಅದರ ಸುರುಳಿ ಗೀರುಗಳಿಗೆ, ಮಾತ್ರ ಒಂದು ಹನಿ ಹಾಕು. ಒಣ ಮರೆಯಲ್ಲಿ ನಿನ್ನ ಬಲವೆಲ್ಲ ತಿಕ್ಕಾಟಕ್ಕೇ ಹೋಗಿ ಬಿಗಿಯಾಗದೆಯೇ ಬಿಗಿಯಾದಂತೆ ಕಾಣುತ್ತದೆ. ಜೋಡಿಸಿದ ಮೇಲೆ ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ, ಸೀಟನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸು. ಹಲ್ಲು ಸಂದಿಗೆ ಕೂತದ್ದು ಬೆರಳಿಗೆ ಗೊತ್ತಾಗುತ್ತದೆ. ನೀನು ಬಯಸಿದ ಮಟ್ಟಕ್ಕೂ ಹಲ್ಲು ಕೂರುವ ಮಟ್ಟಕ್ಕೂ ಕೂದಲೆಳೆ ವ್ಯತ್ಯಾಸ ಬಂದರೆ ಹಲ್ಲಿನ ಮಾತೇ ನಡೆಯಲಿ. ಆಮೇಲೆ ಎಡಕ್ಕೆ ಅರ್ಧ ಸುತ್ತು, ಬಲಕ್ಕೆ ಅರ್ಧ ಸುತ್ತು ಎಂದು ಎರಡೂ ಕಡೆ ಸಮನಾಗಿ ಬಿಗಿ. ಸಾಮಾನ್ಯವಾಗಿ 13 ಅಥವಾ 14ರ ಸ್ಪ್ಯಾನರ್ ಹಿಡಿಸುತ್ತದೆ. ಇಕ್ಕಳದಿಂದ ಮಾತ್ರ ತಿರುಗಿಸಬೇಡ, ನಟ್ಟಿನ ಮೂಲೆಗಳು ಉರುಟಾದರೆ ಮುಂದೆ ಯಾರ ಕೈಗೂ ಬಗ್ಗುವುದಿಲ್ಲ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಉದ್ದ ಮಾಡಿ ಎಳೆಯುವವರೂ ಇದ್ದಾರೆ. ಅದರಿಂದ ಬೋಲ್ಟಿನ ಮರೆ ಹೋಗುತ್ತದೆಯೇ ಹೊರತು ಸವೆದ ಹಲ್ಲು ಹುಟ್ಟುವುದಿಲ್ಲ.

ಬಿಚ್ಚಿದಾಗ ಹಲ್ಲುಗಳ ತುದಿ ಮೊಂಡಾಗಿ ಹೊಳೆಯುತ್ತಿದ್ದರೆ ಆ ಕ್ಲಾಂಪಿನ ಆಸೆ ಬಿಡು, ಹೊಸದು ತಾ. ನಿನ್ನ ಅಕ್ಕನಿಂದ ಬಂದ ಸೈಕಲ್ಲು, ಸರ್ಕಾರ 2006-07ರಲ್ಲಿ ಎಂಟನೇ ತರಗತಿಯವರಿಗೆ ಕೊಡಲು ಶುರುಮಾಡಿದ ಯೋಜನೆಯದು. ಈ ಜಾತಿಯ ಸೈಕಲ್ಲಿನ ಬಿಡಿಭಾಗ ಯಾವ ತಾಲ್ಲೂಕು ಪೇಟೆಯಲ್ಲಿ ಕೇಳಿದರೂ ಸಿಗುತ್ತದೆ, ಬೆಲೆಯೂ ಹಗುರ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗು. ಸಾದಾ ಸೈಕಲ್ಲಿನ ಪೈಪಿನ ತುದಿ ಸಾಮಾನ್ಯವಾಗಿ 22.2 ಮಿ.ಮೀ., ಅಂದರೆ 7/8 ಇಂಚು. ಕ್ಲಾಂಪು ಅದಕ್ಕಿಂತ ದೊಡ್ಡದಾದರೆ ಅದರ ಎರಡು ಕಿವಿಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಪೈಪು ಒಳಗೆ ಆಡುತ್ತಲೇ ಇರುತ್ತದೆ.

ನಿನ್ನ ಗೆಳತಿಯ ಗೇರ್ ಸೈಕಲ್ಲಿನ ಸೀಟು ಕೆಳಕ್ಕೆ ಇಳಿಯುತ್ತದೆ ಅಂದೆ. ಅದರ ಕತೆ ಬೇರೆ. ಅಂಥ ಪೈಪುಗಳ ಅಳತೆ 0.2 ಮಿ.ಮೀ. ಅಂತರದಲ್ಲಿ ಬರುತ್ತದೆ. 27.2 ಇರಬೇಕಾದಲ್ಲಿ 27.0ದ ಪೈಪು ಹಾಕಿದರೆ ಯಾವ ಬಿಗಿತಕ್ಕೂ ನಿಲ್ಲದು. ಪೈಪಿನ ಮೇಲೆಯೇ ಅಳತೆ ಒತ್ತಿರುತ್ತಾರೆ, ಹೊರತೆಗೆದು ಓದಲಿ. ತಂಪು ಪಾನೀಯದ ಡಬ್ಬಿಯ ತಗಡು ಕತ್ತರಿಸಿ ಸುತ್ತಿದರೆ ಸದ್ಯಕ್ಕೆ ನಡೆದೀತು, ಸರಿಯಾದ ಪೈಪು ಬರುವ ತನಕ ಮಾತ್ರ. ಕಾರ್ಬನ್ನಿನ ಪೈಪಾದರೆ ಗ್ರೀಸ್ ಹಚ್ಚಬಾರದು, ಅದಕ್ಕೆಂದೇ ಇರುವ ಮರಳುಮರಳಾದ ಪೇಸ್ಟ್ ಹಚ್ಚಿ, ಪೈಪಿನ ಮೇಲೆ ಬರೆದಿರುವಷ್ಟೇ ಬಿಗಿಯಬೇಕು. ಯಾವ ಪೈಪೇ ಆಗಲಿ, ಅದರಲ್ಲಿ ಗುರುತು ಹಾಕಿರುವ ಗೆರೆಗಿಂತ ಮೇಲಕ್ಕೆ ಎಳೆಯಬೇಡಿ. ಗೆರೆ ಅಳಿಸಿಹೋಗಿದ್ದರೆ ನಾಲ್ಕು ಬೆರಳಗಲವಾದರೂ ಒಳಗಿರಲಿ.

ನನಗೆ ಇದರಲ್ಲಿ ಇಷ್ಟು ಆತುರ ಯಾಕೆಂದರೆ, ಇಳಿಜಾರಿನಲ್ಲಿ ಸೀಟಿನ ಮೂತಿ ಒಮ್ಮೆಲೇ ವಾಲಿದರೆ ಭಾರವೆಲ್ಲ ಹ್ಯಾಂಡಲ್ಲಿನ ಮೇಲೋ ಹಿಂದಿನ ಚಕ್ರದ ಮೇಲೋ ಹೋಗಿ ಹಿಡಿತ ತಪ್ಪುತ್ತದೆ. ಪಕ್ಕದಲ್ಲಿ ಬಸ್ಸು ಇದ್ದರೆ ಏನು ಗತಿ? ಸಂಜೆ ಮಂಡಿ ನೋಯುತ್ತದೆ ಅಂದದ್ದಕ್ಕೂ ಹಿಂದೆ ಕುಸಿದ ಸೀಟೇ ಕಾರಣವಿರಬಹುದು. ರಿಪೇರಿಯಾದ ಮೇಲೆ ಸೀಟಿನಲ್ಲಿ ಕೂತು ಪೆಡಲನ್ನು ಪೂರ್ತಿ ಕೆಳಗೆ ತಂದು ಹಿಮ್ಮಡಿ ಇಟ್ಟು ನೋಡು, ಕಾಲು ನೇರವಾಗಬೇಕು. ಮಡಚಿಕೊಂಡೇ ಇದ್ದರೆ ಪೈಪು ಸ್ವಲ್ಪ ಮೇಲಕ್ಕೆ ಬರಲಿ. ಸೀಟಿನ ಮಟ್ಟಕ್ಕೆ ಅದರ ಮೇಲೆ ಉದ್ದಕ್ಕೊಂದು ನೋಟ್‌ಬುಕ್ ಇಟ್ಟು ದೂರದಿಂದ ನೋಡಿದರೆ ಸಾಕು.

ಹೊಸ ಕ್ಲಾಂಪು ಒಂದೆರಡು ದಿನ ಓಡಾಡಿದ ಮೇಲೆ ಕೂತು ಹದಕ್ಕೆ ಬರುತ್ತದೆ, ಆಗ ಎರಡೂ ನಟ್ಟುಗಳನ್ನು ಇನ್ನೊಮ್ಮೆ ಬಿಗಿ. ಆಮೇಲೆ ಗಾಳಿ ಹೊಡೆಸುವ ದಿನ ಸೀಟಿನ ಮೂತಿ ಹಿಡಿದು ಒಮ್ಮೆ ಅಲ್ಲಾಡಿಸಿ ನೋಡು, ಕದಲಿದರೆ ಅವತ್ತೇ ಸ್ಪ್ಯಾನರ್ ತೆಗೆ.