ಬ್ಯೋರ್ನ್ ಎಂಬ ಹೆಸರು, ಎರಡೂವರೆ ವರ್ಷದ ನಾಲಿಗೆ

ಸ್ವೀಡನ್ನಿನಲ್ಲಿ ನೆಲೆಸಿದ ಕನ್ನಡಿಗರಲ್ಲಿ ಕೆಲವರು ಅಲ್ಲಿಯವರನ್ನೇ ಮದುವೆಯಾಗಿರುತ್ತಾರೆ. ಅಂಥ ಮನೆಯಲ್ಲಿ ಮಗನಿಗೆ ಆ ಕಡೆಯ ಅಜ್ಜನ ಹೆಸರಿಡೋಣ ಎಂಬ ಆಸೆ ಹುಟ್ಟುವುದು ಸಹಜ. ಅಜ್ಜನ ಹೆಸರು ಬ್ಯೋರ್ನ್ ಆಗಿದ್ದರೆ ಅಚ್ಚರಿಯೇನಿಲ್ಲ. ಕಳೆದ ಶತಮಾನದ ಮಧ್ಯಭಾಗದಲ್ಲಿ ಸ್ವೀಡನ್, ನಾರ್ವೆಗಳಲ್ಲಿ ಅದು ಬಲು ಬಳಕೆಯ ಹೆಸರು. ಅಬ್ಬಾ ಎಂಬ ಸಂಗೀತ ತಂಡದ ಬ್ಯೋರ್ನ್ ಉಲ್ವೇಯಸ್ ಹುಟ್ಟಿದ್ದು 1945ರಲ್ಲಿ; 1976ರಿಂದ 1980ರವರೆಗೆ ಸತತ ಐದು ಬಾರಿ ವಿಂಬಲ್ಡನ್ ಗೆದ್ದ ಬ್ಯೋರ್ನ್ ಬೋರ್ಗ್ ಹುಟ್ಟಿದ್ದು 1956ರಲ್ಲಿ. ಇಂದಿನ ಕೂಸುಗಳಲ್ಲಿ ಈ ಹೆಸರು ಕಡಿಮೆ. ಹಾಗಾಗಿ ಮಗುವಿಗೆ ಓರಗೆಯವರಲ್ಲಿ ಇನ್ನೊಬ್ಬ ಬ್ಯೋರ್ನ್ ಸಿಗುವುದು ಅಪರೂಪ. ಹೆಸರು ಅವನ ಕಿವಿಗೆ ಬೀಳುವುದು ದೊಡ್ಡವರ ಬಾಯಿಂದ, ಅದೂ ಒಬ್ಬೊಬ್ಬರಿಂದ ಒಂದೊಂದು ಬಗೆಯಲ್ಲಿ.

ಊರಿನ ಅಜ್ಜಿ ಇಂಗ್ಲಿಷ್ ಕಾಗುಣಿತ ನೋಡಿ ‘ಬಿಜೋರ್ನ್’ ಎನ್ನುತ್ತಾರೆ. ಮಗು ಸ್ವತಃ ‘ಬೋನ್’ ಎನ್ನುತ್ತದೆ. ಎರಡು ಭಾಷೆಗಳ ನಡುವೆ ಮಗು ಗೊಂದಲಕ್ಕೆ ಬಿದ್ದಿದೆಯೇನೋ ಎಂದು ತಂದೆತಾಯಿಗೆ ದಿಗಿಲು. ತಿದ್ದುವುದು ಶುರುವಾಗುತ್ತದೆ.

ಮೊದಲು ಹೆಸರನ್ನೇ ನೋಡೋಣ. ಅದರ ಕಾಗುಣಿತದಲ್ಲಿರುವ ಜೆ ಅಕ್ಷರದ ಉಚ್ಚಾರ ‘ಯ’. ಸ್ವೀಡಿಷ್‌ನಲ್ಲಿ ಎರಡು ಚುಕ್ಕೆ ಹೊತ್ತ, ನಾರ್ವೇಜಿಯನ್‌ನಲ್ಲಿ ಓರೆಗೀಟು ಎಳೆದ ಓ ಅಕ್ಷರದ ಸ್ವರ ಕನ್ನಡದಲ್ಲಿಲ್ಲ. ‘ಏ’ ಎನ್ನುತ್ತಾ ನಾಲಿಗೆಯನ್ನು ಅಲ್ಲೇ ಇಟ್ಟು, ತುಟಿಗಳನ್ನು ಮಾತ್ರ ‘ಓ’ಗೆ ಮಾಡುವಂತೆ ದುಂಡಗೆ ಮಾಡಿ, ಬಾಯಿ ಒಂದಿಷ್ಟು ಅಗಲಿಸಿದರೆ ಹತ್ತಿರ ಬರುತ್ತದೆ. ಕೊನೆಯ ಭಾಗವಂತೂ ಕನ್ನಡಿಗರಿಗೆ ಸಲೀಸು. ಸ್ಟಾಕ್‌ಹೋಮ್ ಮತ್ತು ಓಸ್ಲೋ ಕಡೆಯ ಮಾತಿನಲ್ಲಿ ರ, ನ ಎರಡೂ ಬೆರೆತು ನಾಲಿಗೆ ಮೇಲಕ್ಕೆ ಮಡಚಿ ನಮ್ಮ ‘ಣ’ಕಾರವೇ ಆಗುತ್ತದೆ: ‘ಬ್ಯೋಣ್’. ಲಾರ್ಸ್ ಎಂಬ ಹೆಸರು ಅಲ್ಲಿ ‘ಲಾಷ್’ ಆಗುವುದೂ ಹೀಗೆಯೇ. ಆದರೆ ದಕ್ಷಿಣ ಸ್ವೀಡನ್ನಿನ ಸ್ಕೋನೆ ಸೀಮೆಯಲ್ಲಿ, ನಾರ್ವೆಯ ಬರ್ಗೆನ್‌ನಲ್ಲಿ, ಡೆನ್ಮಾರ್ಕಿನಲ್ಲಿ ಈ ‘ಣ’ ಇಲ್ಲ. ಅಲ್ಲಿಯ ರಕಾರ ಗಂಟಲಿನಿಂದ ಬರುವಂಥದ್ದು. ಹೆಸರಿನ ತವರಿನಲ್ಲೇ ಹಲವು ಉಚ್ಚಾರಗಳಿವೆ, ಅಲ್ಲಿಯ ಮಕ್ಕಳು ಅವನ್ನೆಲ್ಲ ಕೇಳುತ್ತಲೇ ಬೆಳೆಯುತ್ತಾರೆ.

ಇನ್ನು ಮಗುವಿನ ‘ಬೋನ್’. ಎರಡೂವರೆ ವರ್ಷದ ಮಗು ಒತ್ತಕ್ಷರವನ್ನು ಒಂದೇ ವ್ಯಂಜನಕ್ಕೆ ಇಳಿಸುವುದು ಬೆಳವಣಿಗೆಯ ಮಾಮೂಲಿ ಹಂತ. ‘ಬ್ಯಾ’ ‘ಬಾ’ ಆಗುತ್ತದೆ. ಕಿವಿ ಮುಂದಿರುತ್ತದೆ, ನಾಲಿಗೆ ಹಿಂದಿರುತ್ತದೆ. 1960ರಲ್ಲಿ ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ ಎಂಬ ಸಂಶೋಧಕರು ಒಂದು ಮಗುವನ್ನು ವರ್ಣಿಸಿದ್ದಾರೆ. ಅದು ತನ್ನ ಆಟಿಕೆಯ ಮೀನನ್ನು ‘ಫಿಸ್’ ಎನ್ನುತ್ತಿತ್ತು. ದೊಡ್ಡವರೂ ‘ಫಿಸ್’ ಎಂದರೆ ಒಪ್ಪುತ್ತಿರಲಿಲ್ಲ. ‘ಫಿಶ್’ ಎಂದಾಗಲೇ ಹೌದೆನ್ನುತ್ತಿತ್ತು. ನಿಮ್ಮ ಮಗನೂ ಹೀಗೆಯೇ. ನೀವು ‘ಬೋನ್’ ಎಂದು ಕರೆದು ನೋಡಿ, ಮುಖ ಗಂಟಿಕ್ಕಿಕೊಂಡಾನು. ತನ್ನ ಹೆಸರು ಹೇಗಿರಬೇಕೆಂದು ಅವನಿಗೆ ಗೊತ್ತಿದೆ. ಎಳೆಗೂಸುಗಳು ನಾಲ್ಕೈದು ತಿಂಗಳಿಗೇ ತಮ್ಮ ಹೆಸರಿನ ಧ್ವನಿಯನ್ನು ಗುರುತಿಸತೊಡಗುತ್ತವೆ.

ಹೀಗಿರುವಾಗ ‘ಹಾಗಲ್ಲ ಪುಟ್ಟಾ, ಸರಿಯಾಗಿ ಹೇಳು’ ಎಂದರೆ, ಗೊತ್ತಿದ್ದೂ ಆಗದ ಕೆಲಸವನ್ನು ಎಲ್ಲರೆದುರು ಮಾಡಿಸಿದಂತೆ. ವಿಡಿಯೊ ಕರೆಯಲ್ಲಿ ‘ಅಜ್ಜಿಗೆ ನಿನ್ನ ಹೆಸರು ಹೇಳು’ ಎಂದೊಡನೆ ಮಗು ಮಂಚದ ಕೆಳಗೆ ನುಸುಳುವುದು ಹಟವಲ್ಲ, ಸೋಲುವ ಜಾಗದಿಂದ ದೂರ ಸರಿಯುವುದು. ನಿಮ್ಮ ಕಾಳಜಿ ಸರಿಯಾದದ್ದೇ. ದಾರಿ ಮಾತ್ರ ಬದಲಾಗಲಿ.

ಅವನು ‘ಬೋನ್‌ಗೆ ಹಾಲು’ ಎಂದರೆ ‘ಹೌದು, ಬ್ಯೋಣ್‌ಗೆ ಹಾಲು ಬೇಕು’ ಎಂದು ನಿಮ್ಮ ಮಾತಿನೊಳಗೇ ಸರಿಯಾದ ರೂಪ ಕೇಳಿಸಿ ಮುಂದೆ ಸಾಗಿ. ಮತ್ತೆ ಹೇಳಿಸಬೇಡಿ. ಅಜ್ಜಿಗೆ ಕನ್ನಡ ಅಕ್ಷರದಲ್ಲೇ ‘ಬ್ಯೋಣ್’ ಎಂದು ಬರೆದು ಕಳಿಸಿ. ಇಂಗ್ಲಿಷ್ ಕಾಗುಣಿತವೇ ಅವರನ್ನು ದಾರಿ ತಪ್ಪಿಸಿದ್ದು. ‘ಬಸ್’ ಅನ್ನು ‘ಬಸ್ಸು’ ಮಾಡಿದ ಹಾಗೆ ಅವರು ‘ಬ್ಯೋಣು’ ಎಂದರೆ ಹಾಗೇ ಇರಲಿ. ಯಾರು ಹೇಗೆ ಕರೆಯುತ್ತಾರೆಂದು ಮಗು ಬೇಗ ಅರಿತುಕೊಳ್ಳುತ್ತದೆ, ಅದರಿಂದ ಅದರ ಭಾಷೆಗೆ ಕುಂದಿಲ್ಲ.

ಯೋಚಿಸಬೇಕಾದ ಸಂದರ್ಭಗಳೂ ಇವೆ. ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಕಿವಿ ಪದೇಪದೇ ಸೋರುತ್ತಿದ್ದರೆ, ಮೂರು ತುಂಬಿದರೂ ಮಗುವಿನ ಮಾತು ಮನೆಯವರಿಗೇ ಅರ್ಥವಾಗದಿದ್ದರೆ ತಡಮಾಡದೆ ತೋರಿಸಿ. ಸ್ವೀಡನ್ನಿನಲ್ಲಿ ಮಕ್ಕಳ ಆರೋಗ್ಯ ಕೇಂದ್ರವಾದ ಬಿವಿಸಿಯಲ್ಲಿ ಎರಡೂವರೆ-ಮೂರು ವರ್ಷಕ್ಕೆ ಮಾತಿನ ತಪಾಸಣೆ ಇರುತ್ತದೆ. ಅಗತ್ಯ ಬಿದ್ದರೆ ಮಾತಿನ ಚಿಕಿತ್ಸಕರಾದ ಲೋಗೊಪೆಡ್ ಬಳಿಗೆ ಕಳಿಸುತ್ತಾರೆ. ಅಲ್ಲಿಗೆ ಹೋಗುವಾಗ ಮಗು ಕನ್ನಡದಲ್ಲಿ ಆಡುವ ಮಾತುಗಳನ್ನೂ ಬರೆದುಕೊಂಡು ಹೋಗಿ. ಒಂದೇ ಭಾಷೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮಗುವಿನ ಶಬ್ದಸಂಪತ್ತು ಇರುವುದಕ್ಕಿಂತ ಕಡಿಮೆ ಕಾಣುತ್ತದೆ.