ಅಮೂರ್ತವನ್ನು ಕಲಿಸುವ ಬಗೆ: ಬೌಹೌಸ್ ಚಿತ್ರಕಲಾ ತರಗತಿಯ ಎರಡು ಅಭ್ಯಾಸಗಳು

‘ಅಮೂರ್ತ’ ಎಂಬುದು ಕನ್ನಡ ವಿಮರ್ಶೆಯಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಪಾರಿಭಾಷಿಕ ಪದ. ಚಿತ್ರಕಲೆಯ ಸಂದರ್ಭದಲ್ಲಿ ಇದು ಗುರುತಿಸಬಹುದಾದ ವಸ್ತುಗಳಿಲ್ಲದ ಚಿತ್ರವನ್ನು ಸೂಚಿಸಿದರೆ, ಕಾವ್ಯದ ಸಂದರ್ಭದಲ್ಲಿ ಅನೇಕ ವೇಳೆ ‘ಸುಲಭವಾಗಿ ಅರ್ಥವಾಗದ್ದು’ ಎಂಬುದಕ್ಕೆ ಪರ್ಯಾಯವಾಗಿ ಬಳಕೆಯಾಗುತ್ತದೆ. ಪದದ ರಚನೆಯೇ ಈ ಗೊಂದಲಕ್ಕೆ ಅವಕಾಶವೀಯುತ್ತದೆ. ಮೂರ್ತವಲ್ಲದ್ದು ಅಮೂರ್ತ ಎಂಬ ವಿವರಣೆ ಇಲ್ಲದಿರುವುದನ್ನು ಹೇಳುತ್ತದೆಯೇ ಹೊರತು ಇರುವುದನ್ನು ಹೇಳುವುದಿಲ್ಲ. ಇದಕ್ಕೆ ಸಂವಾದಿಯಾದ ‘ಅಬ್‌ಸ್ಟ್ರ್ಯಾಕ್ಟ್’ ಪದದ ಲ್ಯಾಟಿನ್ ಮೂಲದಲ್ಲಾದರೋ ‘ಸೆಳೆದು ತೆಗೆ’ ಎಂಬ ಕ್ರಿಯೆಯಿದೆ. ಒಂದು ಸ್ಥಿತಿಯನ್ನು ಹೇಳಿದರೆ, ಇನ್ನೊಂದು ಕೆಲಸವನ್ನು ಹೇಳುತ್ತದೆ. ಈ ಕೆಲಸವನ್ನು ಚಿತ್ರಕಲಾ ತರಗತಿಯಲ್ಲಿ ಹೇಗೆ ಕಲಿಸಲಾಯಿತು ಎಂಬುದನ್ನು ಪರಿಶೀಲಿಸುವುದು, ಸಾಹಿತ್ಯ ಬೋಧನೆಗೆ ಅದರಿಂದ ದೊರೆಯುವ ನೆರವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ವಾಲ್ಟರ್ ಗ್ರೋಪಿಯಸ್ 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಸ್ಥಾಪಿಸಿದ ಬೌಹೌಸ್ ಶಾಲೆ 1925ರಲ್ಲಿ ಡೆಸ್ಸಾವ್‌ಗೆ, 1932ರಲ್ಲಿ ಬರ್ಲಿನ್‌ಗೆ ಸ್ಥಳಾಂತರಗೊಂಡು 1933ರಲ್ಲಿ ಮುಚ್ಚಿತು. ಈ ಹದಿನಾಲ್ಕು ವರ್ಷಗಳಲ್ಲಿ ಯೋಹಾನಸ್ ಇಟ್ಟನ್, ಪಾಲ್ ಕ್ಲೀ, ವಾಸಿಲಿ ಕ್ಯಾಂಡಿನ್‌ಸ್ಕಿ ಮೊದಲಾದವರು ಅಲ್ಲಿ ಬೋಧಿಸಿದರು. ಪ್ರವೇಶ ಪಡೆದ ವಿದ್ಯಾರ್ಥಿ ಮೊದಲು ಪ್ರಾರಂಭಿಕ ಪಠ್ಯಕ್ರಮವೊಂದನ್ನು ಪೂರೈಸಬೇಕಿತ್ತು. ಅಲ್ಲಿ ಪೂರ್ಣ ಚಿತ್ರ ಬರೆಯುವುದಕ್ಕಿಂತ ವಸ್ತು, ರೂಪ, ವರ್ಣಗಳ ಗುಣಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸುವುದಕ್ಕೆ ಪ್ರಾಶಸ್ತ್ಯವಿತ್ತು.

1922ರಲ್ಲಿ ಶಾಲೆಗೆ ಬಂದ ಕ್ಯಾಂಡಿನ್‌ಸ್ಕಿಯ ‘ವಿಶ್ಲೇಷಣಾತ್ಮಕ ರೇಖನ’ ತರಗತಿ ಇಲ್ಲಿ ಗಮನಾರ್ಹ. ಬುಟ್ಟಿ, ಬಟ್ಟೆ, ಏಣಿಯಂತಹ ಸಾಮಾನ್ಯ ವಸ್ತುಗಳನ್ನು ವಿದ್ಯಾರ್ಥಿಗಳ ಮುಂದೆ ಜೋಡಿಸಿಡಲಾಗುತ್ತಿತ್ತು. ಮೊದಲ ಹಂತದಲ್ಲಿ ಇಡೀ ಜೋಡಣೆಯನ್ನು ಒಂದು ಸರಳ ಆಕಾರಕ್ಕೆ ಅಧೀನಗೊಳಿಸಿ, ಬಿಡಿ ಭಾಗಗಳನ್ನು ಅದರೊಳಗೆ ಗುರುತಿಸಬೇಕು. ಎರಡನೆಯ ಹಂತದಲ್ಲಿ ಭಾಗಗಳ ನಡುವಣ ಸೆಳೆತಗಳನ್ನು ಕಂಡುಕೊಂಡು, ಮುಖ್ಯವಾದವನ್ನು ದಪ್ಪ ಗೆರೆ ಅಥವಾ ಬಣ್ಣದಿಂದ, ರಚನೆಯ ಜಾಲವನ್ನು ಚುಕ್ಕಿಗೆರೆಗಳಿಂದ ತೋರಿಸಬೇಕು. ಮೂರನೆಯ ಹಂತದಲ್ಲಿ ವಸ್ತುಗಳು ಹಿಂದೆ ಸರಿದು ಸೆಳೆತಗಳ ವಿನ್ಯಾಸವಷ್ಟೇ ಉಳಿಯುತ್ತದೆ. ಕೊನೆಯ ಹಾಳೆಯನ್ನು ಮಾತ್ರ ಕಂಡವರಿಗೆ ಅದು ಅರ್ಥವಿಲ್ಲದ ಗೆರೆಗಳ ಗುಂಪಾಗಿ ತೋರಬಹುದು. ಮೂರು ಹಾಳೆಗಳನ್ನೂ ಕ್ರಮವಾಗಿ ಕಂಡವರಿಗೆ ಆ ಪ್ರತಿಯೊಂದು ಗೆರೆಯ ಹಿಂದೆಯೂ ಒಂದು ನಿರ್ಧಾರವಿರುವುದು ಮನವರಿಕೆಯಾಗುತ್ತದೆ. ಅಂದರೆ ಇಲ್ಲಿ ಅಮೂರ್ತವು ಮೂರ್ತದ ನಿರಾಕರಣೆಯಲ್ಲ. ಮೂರ್ತವನ್ನು ನಿಷ್ಠೆಯಿಂದ ನೋಡಿದುದರ ಫಲ.

2

ಆದರೆ ಕ್ಯಾಂಡಿನ್‌ಸ್ಕಿ ಇಷ್ಟಕ್ಕೇ ನಿಲ್ಲಲಿಲ್ಲ. ರೂಪ ಮತ್ತು ವರ್ಣಗಳ ನಡುವೆ ಸ್ಥಿರವಾದ ಸಂಬಂಧವೊಂದಿದೆ ಎಂಬುದು ಅವನ ನಂಬಿಕೆಯಾಗಿತ್ತು. ತ್ರಿಕೋನಕ್ಕೆ ಹಳದಿ, ಚೌಕಕ್ಕೆ ಕೆಂಪು, ವೃತ್ತಕ್ಕೆ ನೀಲಿ ಸಹಜವೆಂದು ಅವನು ಪ್ರತಿಪಾದಿಸಿದ. ಈ ಮೂರು ಆಕಾರಗಳಿಗೆ ಈ ಮೂರು ಬಣ್ಣಗಳನ್ನು ಹೊಂದಿಸುವಂತೆ ಕೇಳುವ ಪ್ರಶ್ನಾವಳಿಯೊಂದನ್ನು 1923ರಲ್ಲಿ ಶಾಲೆಯಲ್ಲಿ ಹಂಚಲಾಯಿತು. ಈ ಹೊಂದಾಣಿಕೆ ಎಲ್ಲರಿಗೂ ಸಲ್ಲುವ ನಿಯಮವೆಂಬುದನ್ನು ಮುಂದಿನ ಮನಃಶಾಸ್ತ್ರೀಯ ಪ್ರಯೋಗಗಳು ಸ್ಥಿರಪಡಿಸಲಿಲ್ಲ. ಒಂದು ಬಣ್ಣಕ್ಕೆ ಒಂದೇ ಅರ್ಥ ಎನ್ನುವ ನಿಘಂಟು ಇಲ್ಲಿ ಸಾಧ್ಯವಾಗಲಿಲ್ಲ.

3

ಇದೇ ಶಾಲೆಯ ವಿದ್ಯಾರ್ಥಿಯಾಗಿ, ಬಳಿಕ ಅಧ್ಯಾಪಕನಾದ ಯೋಸೆಫ್ ಆಲ್ಬರ್ಸ್ ಬೇರೊಂದು ದಾರಿ ಹಿಡಿದ. 1933ರಲ್ಲಿ ಅಮೆರಿಕಕ್ಕೆ ತೆರಳಿದ ಅವನು ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿಯೂ 1950ರಿಂದ ಯೇಲ್ ವಿಶ್ವವಿದ್ಯಾಲಯದಲ್ಲಿಯೂ ಬೋಧಿಸಿದ. ಅವನ ವರ್ಣಪಾಠಗಳು 1963ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಅವನ ತರಗತಿಯ ಮುಖ್ಯ ಸಾಧನ ಕುಂಚವಲ್ಲ, ಬಣ್ಣದ ಕಾಗದ. ಬಣ್ಣವನ್ನು ಕಲಸಿದಾಗ ಪ್ರತಿಸಲವೂ ಅದೇ ಛಾಯೆ ಬರುವುದು ಕಷ್ಟ. ಕಾಗದದಲ್ಲಿ ಆ ತೊಡಕಿಲ್ಲ. ಒಂದೇ ಹಾಳೆಯಿಂದ ಕತ್ತರಿಸಿದ ಎರಡು ತುಂಡುಗಳನ್ನು ಬೇರೆ ಬೇರೆ ಹಿನ್ನೆಲೆಗಳ ಮೇಲಿಟ್ಟು, ಅವು ಎರಡು ಬಣ್ಣಗಳಂತೆ ಕಾಣುವ ಹಾಗೆ ಮಾಡುವುದು ಒಂದು ಅಭ್ಯಾಸ. ಬೇರೆ ಬೇರೆ ಬಣ್ಣದ ಎರಡು ತುಂಡುಗಳು ಒಂದೇ ಬಣ್ಣದಂತೆ ಕಾಣುವ ಹಾಗೆ ಮಾಡುವುದು ಇನ್ನೊಂದು. ಕಪ್ಪಿನ ಮೇಲಿನ ಬೂದು ತಿಳಿಯಾಗಿಯೂ ಬಿಳಿಯ ಮೇಲಿನ ಅದೇ ಬೂದು ಗಾಢವಾಗಿಯೂ ಕಾಣುವುದು ಇದಕ್ಕೆ ಸರಳ ನಿದರ್ಶನ. ಮೊದಲು ಪ್ರಯೋಗ, ತಪ್ಪು, ತಿದ್ದುಪಡಿ. ಸಿದ್ಧಾಂತ ಅನಂತರ ಎಂಬುದು ಅವನ ಬೋಧನಾಕ್ರಮ.

ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳಿಗೆ ಈ ವಿಚಾರ ಅಪರಿಚಿತವೇನಲ್ಲ. ಅನೇಕಾರ್ಥಗಳುಳ್ಳ ಪದದ ಅರ್ಥವನ್ನು ನಿಯಂತ್ರಿಸುವ ಸಂಯೋಗ, ವಿಪ್ರಯೋಗ ಮೊದಲಾದ ಅಂಶಗಳನ್ನು ಭರ್ತೃಹರಿ ‘ವಾಕ್ಯಪದೀಯ’ದಲ್ಲಿ ಪಟ್ಟಿಮಾಡಿದ್ದಾನೆ, ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಅವನ್ನು ಉದ್ಧರಿಸಿದ್ದಾನೆ. ಸಿಂಹ, ಕಪಿ ಎಂಬ ಅರ್ಥಗಳೂ ಇರುವ ‘ಹರಿ’ ಶಬ್ದವು ಶಂಖಚಕ್ರಗಳ ಸಾಹಚರ್ಯದಲ್ಲಿ ವಿಷ್ಣುವನ್ನೇ ಹೇಳುತ್ತದೆ. ಆಲ್ಬರ್ಸ್‌ನ ಕಾಗದದ ತುಂಡೂ ನೆರೆಯ ಬಣ್ಣದಿಂದಲೇ ತನ್ನ ತೋರಿಕೆಯನ್ನು ಪಡೆಯುತ್ತದೆ. ಆದರೆ ಈ ಹೋಲಿಕೆಗೆ ಮಿತಿಯಿದೆ. ಕಾಗದದ ತುಂಡಿಗೆ ಪೂರ್ವನಿಶ್ಚಿತ ಅರ್ಥವಿಲ್ಲ. ಪದವಾದರೋ ಹಲವು ಅರ್ಥಗಳನ್ನು ಹೊತ್ತೇ ಕವಿತೆಯೊಳಗೆ ಬರುತ್ತದೆ. ಸಂದರ್ಭ ಅಲ್ಲಿ ಆಯ್ಕೆಮಾಡುತ್ತದೆ, ಶೂನ್ಯದಿಂದ ಸೃಷ್ಟಿಸುವುದಿಲ್ಲ.

4

ಈ ಎರಡು ಅಭ್ಯಾಸಗಳಿಂದ ಸಾಹಿತ್ಯದ ತರಗತಿಗೆ ದೊರೆಯುವುದೇನು? ಕ್ಲಿಷ್ಟ ಕವಿತೆಯೊಂದನ್ನು ‘ಅಮೂರ್ತ’ ಎಂದು ಕರೆದು ಮುಂದೆ ಸಾಗಿದಾಗ, ವಿದ್ಯಾರ್ಥಿ ಆ ಮಾತನ್ನು ಪ್ರವೇಶ ನಿಷೇಧದ ಫಲಕದಂತೆ ಸ್ವೀಕರಿಸುತ್ತಾನೆ. ಅದರ ಬದಲು ಕವಿತೆಯಲ್ಲಿ ಯಾವ ಅನುಭವದಿಂದ ಏನನ್ನು ಸೆಳೆದು ತೆಗೆಯಲಾಗಿದೆ, ಏನನ್ನು ಬಿಡಲಾಗಿದೆ, ಉಳಿದ ಪದಗಳ ನಡುವೆ ಯಾವ ಸೆಳೆತಗಳಿವೆ ಎಂಬ ಪ್ರಶ್ನೆಗಳನ್ನು ಮುಂದಿಡಬಹುದು. ಒಂದು ಪದವನ್ನು ಅದೇ ಕವಿಯ ಎರಡು ಕವಿತೆಗಳಲ್ಲಿ ಗುರುತಿಸಿ, ನೆರೆಹೊರೆ ಬದಲಾದಾಗ ಅದರ ಬಣ್ಣ ಹೇಗೆ ಬದಲಾಯಿತೆಂಬುದನ್ನು ವಿದ್ಯಾರ್ಥಿಯಿಂದಲೇ ಹೇಳಿಸಬಹುದು.

ಈ ದೃಷ್ಟಿಯಿಂದ ಕೃತಿಯ ಸ್ಥಿತಿಯನ್ನು ಹೇಳುವ ‘ಅಮೂರ್ತ’ ಮತ್ತು ಕೃತಿಕಾರನ ಕೆಲಸವನ್ನು ಹೇಳುವ ‘ಅಮೂರ್ತೀಕರಣ’ ಎಂಬ ಎರಡು ಪದಗಳನ್ನು ವಿಮರ್ಶೆಯಲ್ಲಿ ಬೇರ್ಪಡಿಸಿ ಬಳಸುವುದು ಉಚಿತ. ಅಭ್ಯಾಸವೇ ಕೃತಿಯಲ್ಲ ಎಂಬ ಆಕ್ಷೇಪ ಸರಿಯಾದುದೇ. ಕ್ಯಾಂಡಿನ್‌ಸ್ಕಿಯ ವಿದ್ಯಾರ್ಥಿಯ ಮೂರನೆಯ ಹಾಳೆ ಕಲಾಕೃತಿಯಾಗಬೇಕಿಲ್ಲ. ಆದರೆ ಆ ಮೂರು ಹಾಳೆಗಳನ್ನು ಬರೆದ ವಿದ್ಯಾರ್ಥಿ ಅಮೂರ್ತ ಚಿತ್ರದ ಮುಂದೆ ನಿಂತಾಗ ‘ಇಲ್ಲಿ ಏನೂ ಇಲ್ಲ’ ಎನ್ನಲಾರ. ಕವಿತೆಯ ಓದುಗನನ್ನೂ ಅಷ್ಟು ದೂರ ಕರೆದೊಯ್ಯುವುದು ನಮ್ಮ ತರಗತಿಗಳ ಹೊಣೆ.